ಸುಮತಿ ಅಕ್ಕನ ಏಳು ತಪ್ಪುಗಳು

ಹೀಟರಿನ ಮೇಲೆ ಒಣಗಲು ಹಾಕಿದ ಉಣ್ಣೆಯ ಕೈಗವಸಿನಿಂದ ಒಂದು ವಾಸನೆ ಬರುತ್ತದೆ. ನೀವು ಈ ದೇಶದಲ್ಲಿ ಒಂದು ಚಳಿಗಾಲ ಕಳೆದಿದ್ದರೆ ನಿಮಗದು ಗೊತ್ತು. ಕಳೆದಿಲ್ಲದಿದ್ದರೆ, ಮಳೆಯಲ್ಲಿ ನೆನೆದ ಕಂಬಳಿಯನ್ನು ಒಲೆಯ ಪಕ್ಕದಲ್ಲಿ ಹರವಿದಾಗ ಬರುವ ವಾಸನೆಯನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅದೇ. ಕೆಟ್ಟ ವಾಸನೆಯೇನಲ್ಲ. ಅದು ಮೂಗಿಗೆ ಬಡಿಯಿತೆಂದರೆ ಇವತ್ತು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಅರ್ಥ.

ಜನವರಿಯ ಮೊದಲ ವಾರ. ಮಗಳಿಗೆ ಶಾಲೆಯ ರಜೆ, ನನಗೆ ಆಫೀಸಿನ ರಜೆ, ನಮ್ಮೂರು ಯುಟ್ರೆಕ್ಟ್‌ಗೆ ಹಿಮ. ಇಲ್ಲಿ ಹಿಮ ನಿಲ್ಲುವಷ್ಟು ಬೀಳುವುದು ಅಪರೂಪ. ಬಿದ್ದ ದಿನ ಊರಿಗೇ ಮದುವೆಮನೆಯ ಕಳೆ ಬರುತ್ತದೆ. ರೈಲುಗಳು ನಿಂತುಬಿಡುತ್ತವೆ, ಬೀದಿ ಬದಿಯ ಸೈಕಲ್ಲುಗಳು ಬಿಳಿ ಗುಡ್ಡೆಗಳಾಗುತ್ತವೆ, ವರ್ಷವಿಡೀ ತಲೆಯಾಡಿಸಿ ಮುಂದೆ ಹೋಗುವ ನೆರೆಹೊರೆಯವರು ನಿಂತು ಮಾತಾಡುತ್ತಾರೆ. ಮಗಳು ಬೆಳಿಗ್ಗೆಯಿಂದ ಎರಡು ಸಲ ಹೊರಗೆ ಹೋಗಿ ಬಂದು, ಎರಡು ಜೊತೆ ಕೈಗವಸು ಒದ್ದೆ ಮಾಡಿ, ಮೂರನೆಯ ಸಲಕ್ಕೆ ನನ್ನದನ್ನೇ ಹಾಕಿಕೊಂಡು ಹೋಗಿದ್ದಳು. ಹೀಗಾಗಿ ನಾನು ಮನೆಯಲ್ಲೇ, ಕಿಟಕಿಯ ಪಕ್ಕ, ಕಾಫಿಯ ಲೋಟದೊಡನೆ.

ಅದಕ್ಕೂ ಮುಂಚೆ ಒಂದು ಸಣ್ಣ ಅವಮಾನವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಪಕ್ಕದ ಮನೆಯ ಅಜ್ಜಿ ಬಾಗಿಲ ಮುಂದೆ ಉಪ್ಪು ಎರಚುತ್ತಿದ್ದರು. ನೆಲ ಹೆಪ್ಪುಗಟ್ಟಿ ಜಾರದಿರಲೆಂದು ಇಲ್ಲಿ ಹಾಗೆ ಮಾಡುತ್ತಾರೆ. ನಮ್ಮ ಮೆಟ್ಟಿಲಿಗೂ ಸ್ವಲ್ಪ ಬೇಕೆಂದು ಇಲ್ಲಿಯ ಭಾಷೆಯಲ್ಲಿ, ಅಂದರೆ ನನ್ನ ಡಚ್ಚಿನಲ್ಲಿ, ಕೇಳಿದೆ. ಹದಿನೈದು ವರ್ಷ ಇಲ್ಲಿದ್ದರೂ ಇಂಗ್ಲಿಷಿನ 'ದ' ಇದ್ದ ಹಾಗೆ ಯಾವ ಪದದ ಮುಂದೆ 'ಡೆ' ಹಾಕಬೇಕು, ಯಾವುದರ ಮುಂದೆ 'ಹೆಟ್' ಹಾಕಬೇಕು ಎಂಬುದು ನನಗೆ ಇವತ್ತಿಗೂ ಹತ್ತಿಲ್ಲ. ಯಾವುದಕ್ಕೂ ಇರಲಿ ಎಂದು ಎರಡನ್ನೂ ಹಾಕಿ ಕೇಳಿದೆ. ಅಜ್ಜಿ ನಕ್ಕು ಅರ್ಧ ಬಕೆಟ್ ಉಪ್ಪು ಕೊಟ್ಟರು. ತಿದ್ದಲಿಲ್ಲ. ಒಳಗೆ ಬಂದ ಮೇಲೆ ಮಗಳು, "ಅಪ್ಪಾ, ಯು ಸೆಡ್ ಇಟ್ ರಾಂಗ್. ಟ್ವೈಸ್," ಎಂದಳು. ಅವಳು ನನ್ನ ಮಗಳೇ, ಅದರಲ್ಲಿ ಅನುಮಾನವಿಲ್ಲ.

ಕಾಫಿ ಕುಡಿಯುತ್ತ ಫೋನ್ ತೆರೆದರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನ ತುಂಬ ಹಿಮ. ವಾಗೆನಿಂಗನ್‌ನಿಂದ ಒಬ್ಬರು ತಮ್ಮ ಕಾರು ಎಲ್ಲಿದೆ ಹುಡುಕಿ ಎಂದು ಚಿತ್ರ ಹಾಕಿದ್ದರು. ಇನ್ನೊಬ್ಬರು ಹಿಮದ ಗಣಪತಿ ಮಾಡಿದ್ದರು. ಸೊಂಡಿಲು ಮಾತ್ರ ಕ್ಯಾರೆಟ್ಟಿನದು. ಚಿತ್ರಗಳ ಕೆಳಗೆ ಬರಹ. ಒಬ್ಬರು ಒತ್ತಕ್ಷರ ನುಂಗಿದ್ದರು, ಇನ್ನೊಬ್ಬರು ಬೇಡದ ಕಡೆ ದೀರ್ಘ ಎಳೆದಿದ್ದರು, ಮತ್ತೊಬ್ಬರ ವಾಕ್ಯದಲ್ಲಿ ಕರ್ತೃ ಒಂದು ದಿಕ್ಕಿಗೂ ಕ್ರಿಯಾಪದ ಇನ್ನೊಂದು ದಿಕ್ಕಿಗೂ ಹೊರಟಿದ್ದವು. ನನ್ನ ಹೆಬ್ಬೆರಳು ತುರಿಸಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅಂತರ್ಜಾಲದಲ್ಲಿ ವ್ಯಾಕರಣ ಎಂಬುದು ಒಂದು ವಿಚಿತ್ರ ವಸ್ತು. ಪುಸ್ತಕದಲ್ಲಿರುವಾಗ ಅದನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಫೋನಿನೊಳಗೆ ಬಂದ ಕೂಡಲೇ ಎಲ್ಲರ ಕೈಗೂ ಒಂದೊಂದು ಬೆತ್ತ ಸಿಕ್ಕಿಬಿಡುತ್ತದೆ. ಯಾರೋ ಕಾವೇರಿ ನೀರಿನ ಬಗ್ಗೆ ವಾದ ಮಾಡುತ್ತಿರುತ್ತಾರೆ. ಎದುರಿನವರಿಗೆ ಉತ್ತರ ತೋಚದಿದ್ದರೆ, "ಮೊದಲು ನೆಟ್ಟಗೆ ಕನ್ನಡ ಬರೆಯೋದು ಕಲಿಯಿರಿ" ಎನ್ನುತ್ತಾರೆ. ಅಲ್ಲಿಗೆ ಕಾವೇರಿಯೂ ಇಲ್ಲ, ನೀರೂ ಇಲ್ಲ. ನಾನು ಅಂಥವರನ್ನು ಬೈಯುವಂತಿಲ್ಲ. ಒಂದು ಕಾಲಕ್ಕೆ ಆ ಪಂಗಡಕ್ಕೆ ನಾನೇ ಯಜಮಾನ. ಗುಂಪಿನಲ್ಲಿ ನನ್ನ ಹೆಸರೇ 'ಮೇಷ್ಟ್ರು' ಎಂದಾಗಿತ್ತು. ಅದು ಗೌರವದಿಂದ ಕೊಟ್ಟ ಹೆಸರು ಎಂದೇ ನಾನು ಬಹಳ ದಿನ ತಿಳಿದುಕೊಂಡಿದ್ದೆ.

ಈ ಚಟ ನನಗೆ ಬಂದದ್ದು ಅಪ್ಪನಿಂದ. ಅಪ್ಪ ಮೈಸೂರಿನ ಒಂದು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುತ್ತಿದ್ದರು. ಇನ್ನೂ ಮಸಿ ಆರದ ಉದ್ದುದ್ದ ಹಾಳೆಗಳನ್ನು ಮನೆಗೂ ತರುತ್ತಿದ್ದರು. ಅವರು ಓದುವ ಕ್ರಮ ವಿಚಿತ್ರವಾಗಿತ್ತು. ಹಾಳೆಯ ಕೊನೆಯ ಸಾಲಿನಿಂದ ಶುರು ಮಾಡಿ, ಒಂದೊಂದೇ ಸಾಲು ಮೇಲೇರುತ್ತಿದ್ದರು, ಸಾಲಿನೊಳಗೂ ಬಲದಿಂದ ಎಡಕ್ಕೆ. ಮೇಲಿನಿಂದ ಓದಿದರೆ ಮನಸ್ಸು ಕಥೆಯ ಹಿಂದೆ ಓಡಿಬಿಡುತ್ತದೆ, ಕಣ್ಣು ತಪ್ಪನ್ನು ದಾಟಿ ಹೋಗುತ್ತದೆ ಎಂಬುದು ಅವರ ಲೆಕ್ಕ. "ಅರ್ಥದ ಹಿಂದೆ ಹೋದ್ಯೋ, ಅಕ್ಷರ ಕೈಬಿಡ್ತು ಕಣೋ," ಎನ್ನುತ್ತಿದ್ದರು. ಹತ್ತು ವರ್ಷದವನಾಗುವಷ್ಟರಲ್ಲಿ ನನಗೂ ಅದು ರೂಢಿಯಾಯಿತು. ಪರೀಕ್ಷೆಯ ಉತ್ತರಪತ್ರಿಕೆಯನ್ನು ಕೆಳಗಿನಿಂದ ಓದಿ ತಿದ್ದಿಕೊಳ್ಳುತ್ತಿದ್ದ ಹುಡುಗ ಇಡೀ ಶಾಲೆಯಲ್ಲಿ ನಾನೊಬ್ಬನೇ.

ಆ ಕ್ರಮಕ್ಕೆ ಅದರದೇ ಪಜೀತಿಗಳೂ ಇದ್ದವು. ಅಪ್ಪನ ಚಿಕ್ಕಪ್ಪನ ಮಗಳ ಲಗ್ನಪತ್ರಿಕೆ ಅದೇ ಅಚ್ಚುಕೂಟದಲ್ಲಿ ಅಚ್ಚಾಯಿತು. ಅಪ್ಪನೇ ಮೂರು ಸಲ ತಿದ್ದಿದ್ದರು, ಒಂದು ಚುಕ್ಕೆಯೂ ಆಚೀಚೆ ಇರಲಿಲ್ಲ. ಮದುವೆಯ ದಿನ ಮಾತ್ರ ಆರಾಮವಾಗಿ ಮನೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಛತ್ರದಿಂದ ಜನ ಬಂದು ಕರೆದಾಗ, "ಇವತ್ತಾ?" ಎಂದರಂತೆ. ನಮ್ಮ ಮನೆಯಲ್ಲಿ ಈ ಕಥೆ ಹೇಳಿ ಎಷ್ಟು ಸಲ ನಕ್ಕಿದ್ದೇವೋ. ನಗುವಾಗ ಆ ರೋಗ ನನಗೂ ಅಂಟಿದೆ ಎಂದು ತಿಳಿದಿರಲಿಲ್ಲ.

ಈಗ ಸುಮತಿ ಅಕ್ಕನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬರದೆ ಸುತ್ತು ಹೊಡೆದದ್ದಕ್ಕೆ ಕಾರಣ ಇದೆ.

ನಾನು ಈ ದೇಶಕ್ಕೆ ಬಂದಾಗ ಮೊದಲು ಇದ್ದದ್ದು ಎನ್ಸ್‌ಕೆಡೆ ಎಂಬ ಊರಿನಲ್ಲಿ. ಸುಮತಿ ಅಕ್ಕ ಆಗಲೇ ಅಲ್ಲಿ ಹಳಬರು. ಗಂಡ ವಿಶ್ವವಿದ್ಯಾಲಯದಲ್ಲಿ, ಅವರು ಒಂದು ಪ್ರಯೋಗಾಲಯದಲ್ಲಿ. ಊರು ಉಡುಪಿಯ ಹತ್ತಿರ, ಮನೆಮಾತು ತುಳು. ಮೊದಲ ಚಳಿಗಾಲದಲ್ಲಿ ನಾನು ಬಸ್ ನಿಲ್ದಾಣದಲ್ಲಿ 'ಅಯ್ಯಪ್ಪಾ' ಎಂದು ಜಾರಿ ಬಿದ್ದಾಗ ಹಿಂದಿನಿಂದ ಅವರ ದನಿಯಲ್ಲಿ, "ಬಾತುಕೋಳಿ ಹಾಗೆ ನಡಿ ಮಾರಾಯ, ಪಾದ ಪೂರ್ತಿ ಊರು," ಎಂದು ಕೇಳಿಸಿತು. ಕನ್ನಡ! ಸೊಂಟದ ನೋವು ಅಲ್ಲೇ ಅರ್ಧ ಇಳಿಯಿತು. ಆಮೇಲೆ ಆ ವರ್ಷವಿಡೀ ನನಗೆ ಜ್ವರ ಬಂದರೆ ಗಂಜಿ, ಬೇಸರ ಬಂದರೆ ಊಟ, ಎರಡೂ ಇಲ್ಲದಿದ್ದರೆ ಬೈಗುಳ, ಎಲ್ಲವೂ ಆ ಮನೆಯಿಂದಲೇ.

ನಮ್ಮ ಗುಂಪಿನಲ್ಲಿ ಅವರಷ್ಟು ಬರೆಯುವವರು ಇರಲಿಲ್ಲ. ಬೇಸಿಗೆಯಲ್ಲಿ ಬಾಲ್ಕನಿಯಲ್ಲಿ ಬಸಳೆ ಬಳ್ಳಿ ಹಬ್ಬಿಸಿದ್ದು, ಅದನ್ನು ಕಂಡ ಕೆಳಗಿನ ಮನೆಯವರು ಇದೇನು ಅಲಂಕಾರದ ಗಿಡವೇ ಎಂದು ಕೇಳಿದ್ದು, ಇವರು ಒಂದು ಬಟ್ಟಲು ಸಾರು ಮಾಡಿ ಕೊಟ್ಟು ಉತ್ತರ ಹೇಳಿದ್ದು, ಎಲ್ಲವನ್ನೂ ಉದ್ದಕ್ಕೆ ಬರೆಯುತ್ತಿದ್ದರು. ತಪ್ಪುಗಳಿರುತ್ತಿದ್ದವು. ನಾನು ಬಿಡದೆ ತಿದ್ದುತ್ತಿದ್ದೆ. "ನಮಗೆ ಕನ್ನಡ ಅಂದ್ರೆ ಶಾಲೆಗೆ ಹಾಕುವ ಅಂಗಿ ಇದ್ದ ಹಾಗೆ ಮಾರಾಯ. ಎಲ್ಲೋ ಒಂದು ಗುಂಡಿ ಬಿಟ್ಟುಹೋಗ್ತದೆ. ನೀನು ಹಾಕಿಕೊಡು," ಎನ್ನುತ್ತಿದ್ದರು. ಅವರಿಗೆ ಬೇಸರವಿರಲಿಲ್ಲ, ನನಗೆ ನಾಚಿಕೆಯಿರಲಿಲ್ಲ.

ಮೂರು ವರ್ಷದ ಹಿಂದಿನ ಅಕ್ಟೋಬರ್ ಕೊನೆ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ನಾನೇ ಸಂಪಾದಕ. ಆ ವರ್ಷ 'ನಮ್ಮ ಊರಿನ ನೆನಪು' ಎಂದು ಚಿಕ್ಕ ಬರಹಗಳನ್ನು ಗುಂಪಿಗೇ ಕಳಿಸಿ ಎಂದು ಹೇಳಿದ್ದೆ. ಒಂದು ವಾರ ಬರಹಗಳು ಬಂದವು, ನಾನು ಬಂದದ್ದನ್ನು ಬಂದ ಹಾಗೆ ತಿದ್ದಿ ಅಲ್ಲಿಯೇ ಹಾಕುತ್ತಿದ್ದೆ. ಏನು ತಪ್ಪು, ಏನಾಗಬೇಕು ಎಂದು ಒಂದು ಪಟ್ಟಿ, ಕೊನೆಗೆ ಕೈಮುಗಿದ ಚಿತ್ರ. ಅದು ನನ್ನ ಪದ್ಧತಿ. ಒಂದು ಭಾನುವಾರ ಮಧ್ಯಾಹ್ನ ರೈಲಿನಲ್ಲಿದ್ದಾಗ ಸುಮತಿ ಅಕ್ಕನ ಉದ್ದನೆಯ ಬರಹ ಬಂತು. ಸೀದಾ ಕೊನೆಯ ಸಾಲಿಗೆ ಹೋದೆ. ಆ ಚಪ್ಪರಕ್ಕೆ ಇನ್ನು ನೀರು ಹಾಕುವವರು ಯಾರು, ಎಂದಿತ್ತು. ಅದರ ಮೇಲೆ ಬಾವಿ, ಬಸಳೆ, ಎಲೆಯ ಮೇಲಿನ ಹುಳ. ಊರಿನ ನೆನಪೇ, ಸಂಚಿಕೆಗೆ ಹೇಳಿ ಮಾಡಿಸಿದ ಹಾಗಿತ್ತು. ಅಕ್ಷರ ಅಕ್ಷರ ಏರುತ್ತ ಹೋದೆ. ಏಳು ತಪ್ಪು ಸಿಕ್ಕವು. ಪಟ್ಟಿ ಮಾಡಿದೆ, ಕೈಮುಗಿದೆ, ಕಳಿಸಿದೆ, ನನ್ನ ನಿಲ್ದಾಣ ಬಂತು, ಇಳಿದೆ.

ಮನೆಯ ಬಾಗಿಲು ತೆಗೆಯುವ ಹೊತ್ತಿಗೆ ಗುಂಪಿನ ಹುಡುಗನೊಬ್ಬ ನನಗೆ ಮಾತ್ರ ಕಾಣುವಂತೆ ಬರೆದಿದ್ದ: "ಸಾರ್, ಇವತ್ತೂ ತಿದ್ದಬೇಕಿತ್ತಾ?" ಅವನ ಮಾತು ಅರ್ಥವಾಗದೆ ಮತ್ತೆ ತೆರೆದೆ. ಈ ಸಲ ಮೇಲಿನ ಸಾಲಿನಲ್ಲಿ ಕಣ್ಣು ನಿಂತಿತು. ನಿನ್ನೆ ಬೆಳಗ್ಗೆ ನಮ್ಮ ಅಮ್ಮ ಹೋದರು, ಎಂದಿತ್ತು.

ಅದರ ಮುಂದೆ ನನಗೆ ಓದಲಾಗಲಿಲ್ಲ. ಕೆಳಗೆ ಸಾಲಾಗಿ 'ಓಂ ಶಾಂತಿ'ಗಳು. ಅವುಗಳ ನಡುವೆ ನನ್ನ ಏಳು ತಿದ್ದುಪಡಿಗಳು, ಒಂದರಿಂದ ಏಳರವರೆಗೆ ಅಂಕಿ ಹಾಕಿ. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಹತ್ತು ನಿಮಿಷ ಬಿಟ್ಟು ಸುಮತಿ ಅಕ್ಕ ಆ ಏಳನ್ನೂ ಸರಿಮಾಡಿ ಇಡೀ ಬರಹವನ್ನು ಇನ್ನೊಮ್ಮೆ ಹಾಕಿದ್ದರು. ಕೊನೆಗೆ, "ತಪ್ಪಿಗೆ ಕ್ಷಮಿಸಿ" ಎಂದು ಬೇರೆ. ತಾಯಿ ತೀರಿದ ಮರುದಿನ, ತುಳುವಿನಲ್ಲಿ ಅಳಬೇಕಾದದ್ದನ್ನು ನಮಗೋಸ್ಕರ ಕನ್ನಡದಲ್ಲಿ ಬರೆದು, ಅದಕ್ಕೆ ನನ್ನಿಂದ ಅಂಕ ತೆಗೆದುಕೊಂಡು, ಕ್ಷಮೆಯನ್ನೂ ಕೇಳಿದ್ದರು. ನಾನು ಷೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆದದ್ದಿಲ್ಲ.

ಕ್ಷಮೆ ಕೇಳಿ ಬರೆಯಲು ಕೂತೆ. ನಗಬೇಡಿ, ಅದನ್ನೂ ತಿದ್ದುತ್ತ ಹೋದೆ. ಒಂದು ವಾಕ್ಯ ನಾಟಕದಂತಿತ್ತು, ಇನ್ನೊಂದು ಸಮಜಾಯಿಷಿಯಂತಿತ್ತು. ಒಂದು ವಾರವಾಯಿತು, ಒಂದು ತಿಂಗಳಾಯಿತು. ಅಷ್ಟು ತಡವಾದ ಮೇಲೆ ತಡವಾದದ್ದಕ್ಕೂ ಕ್ಷಮೆ ಸೇರಿಸಬೇಕಾಯಿತು, ಪತ್ರ ಇನ್ನೂ ಉದ್ದವಾಯಿತು. ಕಳಿಸಲಿಲ್ಲ. ಗುಂಪಿನಲ್ಲಿ ತಿದ್ದುವುದನ್ನು ನಿಲ್ಲಿಸಿದೆ. ದೀಪಾವಳಿಯ ಊಟದಲ್ಲಿ ಅವರನ್ನು ದೂರದಿಂದ ಕಂಡು, ಬಡಿಸುವವರ ಸಾಲಿಗೆ ಸೇರಿಕೊಂಡು ಪಲ್ಯದ ಪಾತ್ರೆಯ ಹಿಂದೆ ಬಚ್ಚಿಟ್ಟುಕೊಂಡೆ. ಮಾತಾಡಲೇಬೇಕಾಗಿ ಬಂದಾಗ ಹವಾಮಾನದ ವಿಷಯ ತೆಗೆಯುತ್ತಿದ್ದೆ. ಆ ಮಟ್ಟಿಗೆ ನಾನು ಪೂರ್ತಿ ಡಚ್ಚನಾಗಿದ್ದೆ.

ಸುಮತಿ ಅಕ್ಕ ಮತ್ತೆ ಬರೆಯಲೇ ಇಲ್ಲ. ಹಬ್ಬಕ್ಕೊಂದು ದೀಪ, ಹುಟ್ಟುಹಬ್ಬಕ್ಕೊಂದು ಕೇಕು, ಬರೀ ಚಿತ್ರಗಳು. ಈ ಬೆಳಿಗ್ಗೆಯೂ ಅಷ್ಟೆ. ಅವರ ಬಾಲ್ಕನಿಯಲ್ಲಿ ಗೇಣುದ್ದ ಹಿಮ ಬಿದ್ದ ಚಿತ್ರ ಬಂತು, ಜೊತೆಗೆ ಒಂದಕ್ಷರವಿಲ್ಲ. ಮೊದಲಾಗಿದ್ದರೆ ಆ ಹಿಮದ ಮೇಲೆ ಒಂದು ಪುಟ ಬರುತ್ತಿತ್ತು. ನಾನದನ್ನು ನೋಡುತ್ತ ಕೂತದ್ದನ್ನು ಹೆಂಡತಿ ರೂಪಾ ನೋಡಿದಳು.

"ಮೂರು ವರ್ಷದಿಂದ ಇದೇ ಮುಖ," ಎಂದಳು. "ಬರೆಯಕ್ಕೆ ಹೋದ್ರೆ ನಿಮಗೆ ಮುಗಿಯಲ್ಲ. ಫೋನ್ ಮಾಡ್ರೀ."

"ಏನಂತ ಶುರು ಮಾಡ್ಲಿ?"

"ಹಲೋ ಅಂತ."

ಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು.

"ಎಂತ ಮಾರಾಯ, ಅಪರೂಪ! ಅಲ್ಲಿ ಹಿಮ ಉಂಟಾ? ಜಾರಿ ಬಿದ್ಯಾ?"

"ಇಲ್ಲ ಅಕ್ಕ. ನೀವು ಈಗ ಗ್ರೂಪಲ್ಲಿ ಏನೂ ಬರೆಯೋದೇ ಇಲ್ವಲ್ಲ. ನನ್ನಿಂದ ಅಂತ ಗೊತ್ತು. ಆವತ್ತು ನಾನು ತಿದ್ದಿದ್ದಕ್ಕೆ..."

"ನಿನ್ನಿಂದಾ?" ಎಂದು ನಕ್ಕುಬಿಟ್ಟರು. "ಬರೀಲಿಕ್ಕೆ ಕೂತ್ರೆ ಎಲ್ಲಿಂದ ಹೊರಟ್ರೂ ಅಮ್ಮನ ಹತ್ರ ಹೋಗಿ ನಿಲ್ತದೆ. ದಿನಾ ಅದನ್ನೇ ಹಾಕಿದ್ರೆ ಜನ ಎಂತ ಹೇಳುದಿಲ್ಲ? ಅದಕ್ಕೆ ಬಿಟ್ಟೆ. ನಿನ್ನ ಮೇಲೆ ಎಂತದೂ ಇಲ್ಲ."

ಮೂರು ವರ್ಷ ನಾನು ಹೊತ್ತು ತಿರುಗಿದ ಪಾಪದಲ್ಲಿಯೂ ಒಂದು ಜಂಬವಿತ್ತು ನೋಡಿ. ನನ್ನ ಪೆನ್ಸಿಲ್ಲಿಗೆ ಒಬ್ಬರ ಬಾಯಿ ಕಟ್ಟಿಸುವ ಶಕ್ತಿಯಿದೆ ಎಂದುಕೊಂಡಿದ್ದೆ. ಹಗುರಾಗಿ ಉಸಿರು ಬಿಡುವಷ್ಟರಲ್ಲಿ ಅವರೇ ಮುಂದುವರಿಸಿದರು.

"ಆವತ್ತು ನಲವತ್ತು ಜನ ಕೈಮುಗಿದ್ರು. ಯಾರು ಓದಿದ್ರು, ಯಾರು ಇಲ್ಲ, ಎಂತ ಗೊತ್ತಾಗ್ತದೆ? ನೀನೊಬ್ಬ ಅಕ್ಷರ ಅಕ್ಷರ ಓದಿದ್ದಿ. ನಮ್ಮ ಅಮ್ಮನ ಬಗ್ಗೆ ಬರ್ದದ್ದು ಚಂದ ಇರ್ಲಿ ಅಂತ ಕೂತು ತಿದ್ದಿದ್ದಿ. ವಿಮಾನದಲ್ಲಿ ಪೂರಾ ಅದನ್ನೇ ನೆನ್ಸಿಕೊಂಡು ಹೋದೆ ನಾನು. ಒಬ್ಬನಾದ್ರೂ ಓದಿದ್ದಾನೆ ಅಂತ."

'ಹೂಂ' ಎಂದರೆ ಸಾಕಿತ್ತು. ಅಷ್ಟು ಒಳ್ಳೆಯ ಮನುಷ್ಯನಾಗುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ. ಅವರಿಗೂ ಅದು ಆಸರೆಯಾಗಿತ್ತು, ಕಸಿದುಕೊಳ್ಳಲು ನಾನು ಯಾರು? ಆದರೆ ಅದನ್ನು ಒಪ್ಪಿಕೊಂಡರೆ ಇನ್ನು ಮುಂದೆ ಅವರೆದುರು ನಾನು ಯಾವ ಪಾತ್ರೆಯ ಹಿಂದೆ ಬಚ್ಚಿಟ್ಟುಕೊಳ್ಳಲಿ? ಕಿಟಕಿಯಾಚೆ ಮಗಳು ನನ್ನ ಕೈಗವಸಿನಲ್ಲಿ ಹಿಮದ ಉಂಡೆ ಕಟ್ಟುತ್ತಿದ್ದಳು. ರೂಪಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕ, ನಾನು ಓದಿರ್ಲಿಲ್ಲ," ಎಂದೆ.

ರೈಲು, ಸಂಚಿಕೆ, ಅಪ್ಪನ ಕ್ರಮ, ಎಲ್ಲ ಹೇಳಿದೆ. ತಡವರಿಸಿದೆ, ಹೇಳಿದ್ದನ್ನೇ ಹೇಳಿದೆ, ಒಂದು ವಾಕ್ಯವೂ ನೆಟ್ಟಗೆ ಮುಗಿಯಲಿಲ್ಲ. ಅವರ ಮನೆಯ ಹೊರಗೆ ಯಾರೋ ಸಲಿಕೆಯಿಂದ ಹಿಮ ಕೆರೆಯುವ ಸದ್ದು ಮಾತ್ರ ಬರುತ್ತಿತ್ತು.

"ಅಂದ್ರೆ ಅಮ್ಮ ಹೋದದ್ದು ನಿನಗೆ ಗೊತ್ತೇ ಇರ್ಲಿಲ್ಲ, ತಿದ್ದುವಾಗ."

"ಇಲ್ಲ ಅಕ್ಕ."

"ಆಮೇಲೆ? ಪೂರ್ತಿ ಓದಿದ್ಯಾ?"

"ಇಲ್ಲ. ಮೊದಲ್ನೇ ಸಾಲಿಂದ ಮುಂದೆ ಹೋಗೋಕೆ ಆಗ್ಲಿಲ್ಲ."

ಮತ್ತೆ ಸಲಿಕೆಯ ಸದ್ದು. ಬೈಯುತ್ತಾರೆ ಎಂದುಕೊಂಡೆ. ಫೋನ್ ಇಟ್ಟುಬಿಡುತ್ತಾರೆ ಎಂದೂ ಅನ್ನಿಸಿತು. ಇಟ್ಟಿದ್ದರೆ ತಪ್ಪೇನೂ ಇರಲಿಲ್ಲ.

"ಹಾಗಾದ್ರೆ ಈಗ ಓದು," ಎಂದರು. "ನನಗೆ ಕೇಳುವ ಹಾಗೆ."

ನನ್ನ ಫೋನ್ ಕಿವಿಯಲ್ಲಿತ್ತು, ಅದೇ ಗುಂಪಿನಲ್ಲಿದ್ದ ರೂಪಾಳ ಫೋನಿನಲ್ಲಿ ಆ ದಿನದ ತನಕ ಹಿಂದೆ ಹೋದೆ. ತಿದ್ದಿದ್ದು ಬೇಡವೆಂದು ಮೊದಲು ಬಂದದ್ದನ್ನೇ ತೆಗೆದೆ. "ನಿನ್ನೆ ಬೆಳಗ್ಗೆ ನಮ್ಮ ಅಮ್ಮ ಹೋದರು. ನನಗೆ ಟಿಕೆಟ್ ಸಿಕ್ಕಿದ್ದು ನಾಳೆಗೆ. ಅಷ್ಟು ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದು ತಮ್ಮ ಹೇಳಿದ. ಇಲ್ಲಿ ಯಾರ ಹತ್ತಿರ ಹೇಳುವುದು ಎಂದು ಗೊತ್ತಾಗದೆ ನಿಮಗೆಲ್ಲ ಬರೆಯುತ್ತಿದ್ದೇನೆ." ಮೂರು ವರ್ಷದ ಹಿಂದೆ ನಿಂತ ಜಾಗವನ್ನು ದಾಟಿ ಮುಂದೆ ಹೋದೆ. ಅಮ್ಮ ಬೆಳಿಗ್ಗೆ ಎದ್ದ ಕೂಡಲೇ ಬಸಳೆ ಚಪ್ಪರದ ಕೆಳಗೆ ನಿಂತು ಒಂದೊಂದೇ ಎಲೆ ಮಗುಚಿ ಹುಳ ನೋಡುತ್ತಿದ್ದದ್ದು ಬಂತು. ಬಾಯಿಬಿಟ್ಟು ಓದುವಾಗ ಆ ಏಳು ತಪ್ಪುಗಳು ಎಲ್ಲಿ ಹೋದವೋ, ಒಂದೂ ಕಾಲಿಗೆ ಸಿಗಲಿಲ್ಲ.

"ಹುಳಕ್ಕೆ ಬೈತಿದ್ರು ಮಾರಾಯ," ಎಂದು ಅಕ್ಕ ನಡುವೆ ಬಾಯಿ ಹಾಕಿದರು. "ಅದನ್ನು ಬರೀಲಿಲ್ಲ ನಾನು. ತುಳುವಿನಲ್ಲಿ, ಮನುಷ್ಯರಿಗೆ ಬೈದ ಹಾಗೆ. ಒಂದನ್ನೂ ಕೊಲ್ತಿರ್ಲಿಲ್ಲ. ಬೈದು ಬೈದು ಆಚೆ ಬಿಡುದು." ನಗುತ್ತಿದ್ದರು, ದನಿ ಒದ್ದೆಯಾಗಿತ್ತು. ನನ್ನದೂ.

ಕೊನೆಯ ಸಾಲು ಓದಿ ಮುಗಿಸಿದ ಮೇಲೆ ಒಂದು ಸಂಗತಿ ಹೊಳೆಯಿತು. ಆ ಬರಹದ ತುಂಬ 'ಅಮ್ಮ' ಎಂದೇ ಇತ್ತು. ಹೆಸರು ಒಂದು ಕಡೆಯೂ ಇರಲಿಲ್ಲ. ಒಂದು ಸೊನ್ನೆ ಬಿಟ್ಟುಹೋಗಿದ್ದರೂ ಹಿಡಿಯುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆ ನಲವತ್ತು ಜನರಲ್ಲಿ ಯಾರಿಗೂ ಬಿದ್ದಿರಲಿಲ್ಲ.

"ಅಕ್ಕ, ಅಮ್ಮನ ಹೆಸರೇನು?"



"ಅಪ್ಪಿ," ಎಂದರು. "ಶಾಲೆಯ ಪುಸ್ತಕದಲ್ಲಿ ಪದ್ಮಾವತಿ. ಆದ್ರೆ ಊರಿಡೀ ಅಪ್ಪಿ ಅಂತಲೇ ಕರೆಯುದು. ಈ ದೇಶದಲ್ಲಿ ಅವರ ಹೆಸರು ಕೇಳಿದ್ದು ನೀನೇ ಮೊದಲು, ಗೊತ್ತುಂಟಾ?" ಆಮೇಲೆ, "ಎಂತ ಮಾಡ್ತಿದ್ದಿ? ಬರ್ಕೊಳ್ತಾ ಇದ್ದಿಯಾ?" ಎಂದು ಕೇಳಿದರು.

"ಇಲ್ಲ ಅಕ್ಕ. ಕೇಳ್ತಾ ಇದ್ದೀನಿ."

"ಹಾಗಾದ್ರೆ ಕೇಳು," ಎಂದು ಸುಮತಿ ಅಕ್ಕ ಅಪ್ಪಿಯಮ್ಮನ ಕಥೆಯನ್ನು ಮೊದಲಿನಿಂದ ಶುರು ಮಾಡಿದರು.